ಪೆಡಲ್‌ಗಳ ಸಾಲು: ಫಝ್ ಎಲ್ಲಿ, ವಾ ಎಲ್ಲಿ, ಡಿಲೇ ಎಲ್ಲಿ?

ಕಲಬುರಗಿ ಆರುತಂತಿ

ಎಲ್ಲರಿಗೂ ಶರಣು. ಸೆಕೆಂಡ್ ಹ್ಯಾಂಡ್ ಪೆಡಲ್ ಬೋರ್ಡ್ (ಗಿಟಾರಿನ ದನಿ ಬದಲಿಸಲು ಕಾಲಿನಿಂದ ಒತ್ತುವ ಡಬ್ಬಿಗಳ ಹಲಗೆ) ಒಂದು ಪೂರ್ತಿ ಸೆಟ್ ಆಗಿಯೇ ಸಿಕ್ಕಿತು, ಹೈದರಾಬಾದಿನಿಂದ ತಂದೆ. ಪೆಡಲ್‌ಗಳೆಲ್ಲ ಒಳ್ಳೆಯವು. ಹಿಂದಿನವರು ಜೋಡಿಸಿದ್ದ ಸಾಲನ್ನೇ ಇಟ್ಟುಕೊಂಡು ನುಡಿಸುತ್ತಿದ್ದೇನೆ. ಸಾಲು ಹೀಗಿದೆ: ಗಿಟಾರ್, ಬಾಸ್ ಕಂಪನಿಯ ಟಿಯು-3 ಟ್ಯೂನರ್, ಕೋರಸ್ (ಒಂದೇ ದನಿಯನ್ನು ಹಲವರು ನುಡಿಸಿದ ಹಾಗೆ ಕೇಳಿಸುವುದು), ಡಿಲೇ (ಮರುದನಿ ಕೊಡುವುದು), ಕ್ರೈ ಬೇಬಿ ವಾ (ಕಾಲು ಆಡಿಸಿದಂತೆ ದನಿ 'ವಾ ವಾ' ಎನ್ನುವುದು), ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್, ಯಾರೋ ಕೈಯಲ್ಲಿ ಮಾಡಿದ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಝ್ (ದನಿಯನ್ನು ಪೂರ್ತಿ ಒರಟು ಮಾಡುವುದು, ಫಝ್ ಫೇಸ್ ಸರ್ಕ್ಯೂಟ್), ಕೊನೆಗೆ ರಿವರ್ಬ್ (ಹಾಲಿನಲ್ಲಿ ಗುಂಯ್‌ಗುಟ್ಟುವ ದನಿ ಕೊಡುವುದು), ಅಲ್ಲಿಂದ ಆಂಪ್ (ಆಂಪ್ಲಿಫೈಯರ್).

ನನ್ನದು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಇರುವ ಸ್ಟ್ರಾಟ್ ಮಾದರಿ ಗಿಟಾರ್. ನಮ್ಮ ಗುಂಪು ತತ್ವಪದಗಳನ್ನು ತಬಲಾ, ಹಾರ್ಮೋನಿಯಂ, ಗಿಟಾರ್ ಇಟ್ಟುಕೊಂಡು ಹಾಡುತ್ತದೆ. ಜಾತ್ರೆ, ಫಂಕ್ಷನ್ ಹಾಲ್, ಕಾಲೇಜು, ಕರೆದಲ್ಲಿಗೆ ಹೋಗುತ್ತೇವೆ.

ತೊಂದರೆ ಏನೆಂದರೆ, ಓವರ್‌ಡ್ರೈವ್ ಹಾಕಿದ ತಕ್ಷಣ ಡಿಲೇ ಪೂರ್ತಿ ಗಜಿಬಿಜಿ ಆಗುತ್ತದೆ, ಯಾವ ಸ್ವರ ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಫಝ್ ತೆಳ್ಳಗೆ, ಚುಚ್ಚುವ ಹಾಗೆ ಕೇಳುತ್ತದೆ. ಗಿಟಾರಿನ ವಾಲ್ಯೂಮ್ ಇಳಿಸಿದರೆ ಫಝ್ ಕ್ಲೀನ್ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ನನ್ನದು ಸುಮ್ನೆ ಸಣ್ಣ ದನಿಯ ಫಝ್ ಆಗುತ್ತದೆ ಅಷ್ಟೇ. ವಾ ಮತ್ತು ಫಝ್ ಎರಡನ್ನೂ ಒಟ್ಟಿಗೆ ಒತ್ತಿದರೆ ವಾ ಇದೆಯೋ ಇಲ್ಲವೋ ಎಂಬಂತೆ ಇರುತ್ತದೆ. ಪೆಡಲ್ ಕೆಟ್ಟಿವೆಯಾ, ಸಾಲು ಸರಿ ಇಲ್ಲವಾ? ತಿಳಿದವರು ಹೇಳ್ರಿ.

ಮಿಕ್ಸರ್ ಮುಂದೆ (ಕಲಬುರಗಿ)

ಪೆಡಲ್ ಯಾವುದೂ ಕೆಟ್ಟಿಲ್ಲ ಅನಿಸುತ್ತದೆ. ಮೊದಲು ಡಿಲೇ ವಿಷಯ ನೋಡೋಣ, ಅದು ಸುಲಭ.

ಓವರ್‌ಡ್ರೈವ್ ಮಾಡುವ ಕೆಲಸ ಏನು? ಸಿಗ್ನಲ್‌ನ ತುದಿಗಳನ್ನು ಕತ್ತರಿಸುತ್ತದೆ, ದನಿ ಒಡೆಯುವುದು ಅಂದರೆ ಇದೇ. ಜೋರಾಗಿರುವುದು ಅಲ್ಲಿಗೇ ನಿಲ್ಲುತ್ತದೆ, ಮೆಲ್ಲಗಿರುವುದು ಮೇಲೆ ಬರುತ್ತದೆ. ಅಂದರೆ ಜೋರು-ಮೆಲ್ಲಗೆ ನಡುವಿನ ಅಂತರವೇ ಕಡಿಮೆಯಾಗುತ್ತದೆ. ಡಿಲೇಯ ಕೆಲಸ ಇದಕ್ಕೆ ಪೂರ್ತಿ ಉಲ್ಟಾ, ಅದರ ಒಂದೊಂದು ಮರುದನಿಯೂ ಹಿಂದಿನದಕ್ಕಿಂತ ಮೆಲ್ಲಗಾಗುತ್ತಾ ಹೋಗಬೇಕು. ಡಿಲೇ ಮುಂದೆ (ಗಿಟಾರಿನ ಕಡೆ), ಡ್ರೈವ್ ಹಿಂದೆ (ಆಂಪ್ ಕಡೆ) ಇಟ್ಟರೆ ಮೆಲ್ಲಗಾದ ಮರುದನಿಗಳನ್ನು ಡ್ರೈವ್ ಮತ್ತೆ ಎತ್ತಿ ಮೊದಲ ಸ್ವರದ ಮಟ್ಟಕ್ಕೇ ತರುತ್ತದೆ. ಅದೂ ಸಾಲದು ಅಂತ, ಹಳೆಯ ಸ್ವರದ ಮರುದನಿಯೂ ಹೊಸ ಸ್ವರವೂ ಒಟ್ಟಿಗೆ ಡ್ರೈವ್‌ನೊಳಗೆ ಹೋದರೆ ಅವೆರಡೂ ಬೇರೆ ಬೇರೆಯಾಗಿ ಒಡೆಯುವುದಿಲ್ಲ. ಒಂದಕ್ಕೊಂದು ಬೆರೆತು, ಇಬ್ಬರದೂ ಅಲ್ಲದ ಮೂರನೇ ಸ್ವರಗಳು ಹುಟ್ಟುತ್ತವೆ. ನೀವು ಹೇಳುವ ಗಜಿಬಿಜಿ ಇದೇ.

ಹಾಗಾಗಿ ಡಿಲೇಯನ್ನು ಡ್ರೈವ್ ಮತ್ತು ಫಝ್ ಆದ ಮೇಲೆ ಇಡಿ. ರಿವರ್ಬ್ ಅದರ ಹಿಂದೆ. ಹಾಲ್‌ನಲ್ಲಿ ನಿಜವಾಗಿ ಆಗುವುದೂ ಅದೇ ಅಲ್ವಾ, ಆಂಪ್‌ನಿಂದ ಒಡೆದ ದನಿ ಹೊರಟ ಮೇಲೆ ಗೋಡೆಗಳು ಅದನ್ನು ತಿರುಗಿಸಿ ಕೊಡುತ್ತವೆ. ಕೋರಸ್ ಕೂಡ ಡ್ರೈವ್ ನಂತರ, ಡಿಲೇಗಿಂತ ಮುಂಚೆ ಇಟ್ಟು ಕೇಳಿ. ಫಝ್ ವಿಷಯಕ್ಕೆ ನಮ್ಮ ಸೋಲ್ಡರ್ ಅಣ್ಣನವರು ಬರಲಿ.

ಸೋಲ್ಡರ್ ಅಣ್ಣ (ಕಲಬುರಗಿ)

ಬಂದೆ. ಫಝ್ ವಿಷಯ ನನಗೆ ಭಾಳ ಇಷ್ಟದ್ದು, ಸ್ವಲ್ಪ ಉದ್ದ ಆಗುತ್ತದೆ, ಓದಿಕೊಳ್ಳಿ.

ಫಝ್ ಫೇಸ್ 1966ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಪೆಡಲ್. ಒಳಗೆ ಎರಡೇ ಟ್ರಾನ್ಸಿಸ್ಟರ್, ಬೆರಳೆಣಿಕೆಯ ರೆಸಿಸ್ಟರ್, ಕೆಪಾಸಿಟರ್. ಆಗ ಗಿಟಾರಿನಿಂದ ವೈರ್ ನೇರವಾಗಿ ಅದಕ್ಕೇ ಹೋಗುತ್ತಿತ್ತು. ಅದರ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತೀರಾ ಕಡಿಮೆ, ಕೆಲವೇ ಸಾವಿರ ಓಮ್. ಬಾಸ್ ಕಂಪನಿಯ ಮಾಮೂಲಿ ಪೆಡಲ್‌ಗಳಲ್ಲಿ ಅದು 10 ಲಕ್ಷ ಓಮ್ ಇರುತ್ತದೆ, ಗಿಟಾರಿನ ಮೇಲೆ ಭಾರವನ್ನೇ ಹಾಕುವುದಿಲ್ಲ. ಫಝ್ ಫೇಸ್ ಭಾರ ಹಾಕುತ್ತದೆ. ಆ ಭಾರದಿಂದ ಪಿಕಪ್‌ನ ಚೂಪು ಕಡಿಮೆಯಾಗಿ ದನಿ ದಪ್ಪಗೆ, ಮೆತ್ತಗೆ ಬರುತ್ತದೆ. ಪಿಕಪ್‌ನ ಕಾಯಿಲ್, ಗಿಟಾರಿನ ವಾಲ್ಯೂಮ್ ಪಾಟ್ (ನಾಬ್ ಕೆಳಗಿನ ತಿರುಗುವ ರೆಸಿಸ್ಟರ್), ಇವೆಲ್ಲ ಫಝ್ ಸರ್ಕ್ಯೂಟಿನ ಭಾಗವೇ ಆಗಿಬಿಡುತ್ತವೆ.

ವಾಲ್ಯೂಮ್ ಇಳಿಸಿದರೆ ಕ್ಲೀನ್ ಆಗುವುದರ ಗುಟ್ಟೂ ಇಲ್ಲೇ ಇದೆ. ಸಿಂಗಲ್ ಕಾಯಿಲ್ ಗಿಟಾರಿನಲ್ಲಿ ಸಾಮಾನ್ಯವಾಗಿ 250 ಕಿಲೋ ಓಮ್ ಪಾಟ್ ಇರುತ್ತದೆ. ನಾಬ್ ಸ್ವಲ್ಪ ಇಳಿಸಿದರೂ ಸಿಗ್ನಲ್ ದಾರಿಯಲ್ಲಿ ಹತ್ತಾರು ಕಿಲೋ ಓಮ್ ಬಂದು ಕೂರುತ್ತದೆ. ಕೆಲವೇ ಕಿಲೋ ಓಮ್ ಇರುವ ಫಝ್‌ಗೆ ಅದು ದೊಡ್ಡ ಅಡ್ಡಗೋಡೆ. ಟ್ರಾನ್ಸಿಸ್ಟರ್‌ಗೆ ಹೋಗುವ ಕರೆಂಟ್ ತಟ್ಟನೆ ಇಳಿಯುತ್ತದೆ, ಒಡೆಯುವುದು ನಿಲ್ಲುತ್ತದೆ, ಗಾಜಿನಂಥ ಸ್ವಚ್ಛ ದನಿ ಹೊರಗೆ ಬರುತ್ತದೆ.

ಈಗ ನಿಮ್ಮ ಸಾಲು ನೋಡಿ. ಟಿಯು-3 ಆಫ್ ಇದ್ದಾಗಲೂ ಅದರ ಬಫರ್ (ಸಿಗ್ನಲ್‌ಗೆ ಬಲ ಕೊಟ್ಟು ಮುಂದೆ ಕಳಿಸುವ ಸಣ್ಣ ಸರ್ಕ್ಯೂಟ್) ಕೆಲಸ ಮಾಡುತ್ತಲೇ ಇರುತ್ತದೆ. ಬಫರ್ ಗಿಟಾರನ್ನೂ ಫಝ್‌ನ್ನೂ ಬೇರೆ ಮಾಡಿಬಿಟ್ಟಿತು. ಫಝ್‌ಗೆ ಪಿಕಪ್ ಕಾಣುವುದೇ ಇಲ್ಲ, ಬಲವಾದ ಚೂಪು ಸಿಗ್ನಲ್ ಮಾತ್ರ ಕಾಣುತ್ತದೆ. ತೆಳ್ಳಗೆ ಚುಚ್ಚುವುದು ಅದಕ್ಕೇ.

ಮದ್ದು ಸುಲಭ. ಗಿಟಾರಿನಿಂದ ನೇರ ಫಝ್. ಅದರ ಹಿಂದೆ ಟ್ಯೂನರ್. ಫಝ್ ಆಫ್ ಮಾಡಿಕೊಂಡು ಟ್ಯೂನ್ ಮಾಡಿ, ಏನೂ ತೊಂದರೆ ಇಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ. ಗಿಟಾರ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ, ಉದ್ದ ಹೆಚ್ಚಾದಷ್ಟೂ ಪಿಕಪ್‌ನ ಟ್ರೆಬಲ್ ಸಾಯುತ್ತದೆ. ಟ್ಯೂನರಿನ ಬಫರ್ ಅಲ್ಲಿಂದ ಮುಂದಿನ ಎಲ್ಲ ಕೇಬಲ್‌ಗಳನ್ನು ತಾನೇ ಎಳೆಯುತ್ತದೆ. ಬಫರ್ ಕೆಟ್ಟದ್ದು ಅಂತ ಅಂತರ್ಜಾಲದಲ್ಲಿ ಬೈಯುವವರು ಬಹಳ ಮಂದಿ. ಫಝ್ ಫೇಸ್ ಮಾದರಿಯ ಮುಂದೆ ಮಾತ್ರ ಅದು ಬೇಡ, ಉಳಿದ ಕಡೆ ಬೇಕು.

ಭೀಮಾತೀರ (ಯಾದಗಿರಿ)

ಮಿಕ್ಸರ್ ಸರ್ ಹೇಳಿದ್ದಕ್ಕೆ ನನ್ನದು ಸ್ವಲ್ಪ ತಕರಾರು ಇದೆ. ಡಿಲೇ ಯಾವಾಗಲೂ ಡ್ರೈವ್ ನಂತರವೇ ಅಂತ ಹೊಸಬರಿಗೆ ಹೇಳಿಕೊಟ್ಟು, ಅವರು ಇನ್ನೊಂದು ದಾರಿ ಕೇಳುವುದೇ ಇಲ್ಲ. ಗಿಟಾರ್ ವಾದಕ ವ್ಯಾನ್ ಹೇಲನ್ ಟೇಪ್ ಎಕೋವನ್ನು (ಟೇಪಿನಿಂದ ನಡೆಯುವ ಡಿಲೇ) ಒಡೆಯುವ ಆಂಪ್‌ನ ಮುಂದೆ ಇಟ್ಟು ನುಡಿಸಿದರು. ಯೂಟೂ ತಂಡದ ಎಡ್ಜ್ ತಮ್ಮ ಡಿಲೇಗಳನ್ನು ವಾಕ್ಸ್ ಎಸಿ-30 ಆಂಪ್‌ನ ಇನ್‌ಪುಟ್‌ಗೇ ಕೊಟ್ಟು ಆ ದನಿ ಕಟ್ಟಿದರು. ಆಂಪ್ ಸ್ವಲ್ಪ ಒಡೆಯುತ್ತಿರುತ್ತದೆ, ಮರುದನಿಗಳು ಅದರೊಳಗೆ ಹೋಗಿ ಸ್ವರಕ್ಕೆ ಅಂಟಿಕೊಂಡೇ ಬರುತ್ತವೆ.

ನಾನು ಸ್ಲೈಡ್ ಇಟ್ಟು ನಿಧಾನದ ಆಲಾಪ ನುಡಿಸುತ್ತೇನೆ. ಡಿಲೇ ಮುಂದೆ, ಹಗುರ ಓವರ್‌ಡ್ರೈವ್ ಹಿಂದೆ. ಮರುದನಿ ಸಣ್ಣದಾದ ಹಾಗೆ ಡ್ರೈವ್ ಅದನ್ನು ಒಡೆಯುವುದೂ ಕಡಿಮೆಯಾಗುತ್ತದೆ. ಮೊದಲ ಮರುದನಿ ಒರಟು, ಕೊನೆಯದು ನುಣುಪು. ಡಿಲೇ ಹಿಂದೆ ಇಟ್ಟರೆ ಎಲ್ಲ ಮರುದನಿಯೂ ಒಂದೇ ಬಣ್ಣದ್ದು, ದನಿ ಸಣ್ಣದಾಗುತ್ತಾ ಹೋಗುತ್ತದೆ ಅಷ್ಟೇ. ನನಗೆ ಬಣ್ಣ ಬದಲಾಗುವುದೇ ಬೇಕು.

ಮಿಕ್ಸರ್ ಮುಂದೆ

ಭೀಮಾತೀರ ಅವರೇ, ಒಪ್ಪುತ್ತೇನೆ. ನೀವು ಹೇಳಿದ್ದರಲ್ಲಿ "ಹಗುರ" ಎನ್ನುವ ಮಾತು ಮುಖ್ಯ. ಡ್ರೈವ್ ಎಷ್ಟು ಒಡೆಯುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಅರ್ಧ ಒಡೆಯುವ ಆಂಪ್ ಮುಂದೆ ಡಿಲೇ ಚೆನ್ನಾಗಿರುತ್ತದೆ, ಪೂರ್ತಿ ಒಡೆಯುವ ಫಝ್ ಮುಂದೆ ಡಿಲೇ ಇಟ್ಟರೆ ಗೋಡೆಯಂಥ ದನಿ ಬರುತ್ತದೆ. ಅದನ್ನೇ ಬೇಕು ಅಂತ ಮಾಡುವವರಿದ್ದಾರೆ, ಶೂಗೇಝ್ ಶೈಲಿಯವರು ರಿವರ್ಬನ್ನೇ ಫಝ್ ಒಳಗೆ ಬಿಡುತ್ತಾರೆ.

ಎರಡನೆಯದು, ನೀವು ಒಬ್ಬರೇ ಆಲಾಪ ನುಡಿಸುತ್ತೀರಿ. ಆರುತಂತಿಯವರ ಗುಂಪಿನಲ್ಲಿ ಹಾಡುವವರಿದ್ದಾರೆ, ಹಾರ್ಮೋನಿಯಂ ಇದೆ. ತತ್ವಪದದಲ್ಲಿ ಮಾತು ಕೇಳಬೇಕು. ಮಾತಿನ ಮೇಲೆ ಗಿಟಾರಿನ ಮರುದನಿಯ ಬಾಲ ಬಿದ್ದರೆ ಪದದ ಅರ್ಥವೇ ಹೋಗುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ರಾಜಿ ಇಲ್ಲ. ಫಂಕ್ಷನ್ ಹಾಲ್‌ಗಳಲ್ಲಿ ಟೈಲ್ಸ್ ನೆಲ, ಬರೀ ಗೋಡೆ, ಮೊದಲೇ ಗುಂಯ್‌ಗುಡುತ್ತಿರುತ್ತವೆ. ಅಲ್ಲಿ ರಿವರ್ಬ್ ಪೆಡಲ್ ಆಫ್ ಮಾಡಿಬಿಡಿ. ಜಾತ್ರೆ ಮೈದಾನದಲ್ಲಿ ಗೋಡೆ ಇಲ್ಲ, ದನಿ ಒಣಗಿದ ಹಾಗಿರುತ್ತದೆ, ಅಲ್ಲಿ ಸ್ವಲ್ಪ ಹಾಕಿ.

ಕೀಬೋರ್ಡ್ ಅಕ್ಕ (ಬೀದರ್)

ನಾನು ಕೀಬೋರ್ಡ್ ನುಡಿಸುವವಳು, ನಮ್ಮ ಚರ್ಚಿನ ಆರಾಧನೆ ತಂಡದಲ್ಲಿ ಗಿಟಾರಿನವರ ಬೋರ್ಡನ್ನು ನಾನೇ ಕೂತು ಜೋಡಿಸಿದೆ. ಅಲ್ಲಿ ಡಿಲೇ, ರಿವರ್ಬ್‌ದೇ ರಾಜ್ಯ. ಹಾಗಾಗಿ ಎರಡು ಮಾತು.

ವಾಲ್ಯೂಮ್ ಪೆಡಲ್ ಎಲ್ಲಿ ಇಡುತ್ತೀರಿ ಎನ್ನುವುದನ್ನು ಯಾರೂ ಕೇಳುವುದಿಲ್ಲ, ಆದರೆ ಬಹಳ ವ್ಯತ್ಯಾಸ ಮಾಡುತ್ತದೆ. ಡ್ರೈವ್‌ಗಿಂತ ಮುಂಚೆ ಇಟ್ಟರೆ ಗಿಟಾರಿನ ನಾಬ್ ಹಾಗೇ, ಇಳಿಸಿದರೆ ಒಡೆಯುವುದು ಕಡಿಮೆಯಾಗುತ್ತದೆ. ಡ್ರೈವ್ ನಂತರ, ಡಿಲೇಗಿಂತ ಮುಂಚೆ ಇಟ್ಟರೆ ಬಣ್ಣ ಬದಲಾಗುವುದಿಲ್ಲ, ದನಿ ಮಾತ್ರ ಏರಿಳಿಯುತ್ತದೆ. ಪೆಡಲ್ ಪೂರ್ತಿ ಮುಚ್ಚಿದರೂ ಮೊದಲೇ ನುಡಿಸಿದ್ದರ ಬಾಲ ಮೆಲ್ಲಗೆ ಕರಗುತ್ತದೆ. ಪ್ರಾರ್ಥನೆ ಶುರುವಾಗುವಾಗ ನಮಗೆ ಬೇಕಾಗುವುದು ಇದೇ. ಡಿಲೇ, ರಿವರ್ಬ್ ಎಲ್ಲ ಆದ ಮೇಲೆ ಇಟ್ಟರೆ ಮುಚ್ಚಿದ ತಕ್ಷಣ ಬಾಲವೂ ಕತ್ತರಿಸಿ ಹೋಗುತ್ತದೆ. ಕೊಳ್ಳುವಾಗ ನೋಡಿ: ಬ್ಯಾಟರಿ, ಅಡಾಪ್ಟರ್ ಬೇಡದ ಸಾದಾ ವಾಲ್ಯೂಮ್ ಪೆಡಲ್‌ನಲ್ಲಿ 250 ಕಿಲೋ ಓಮ್‌ದು ಗಿಟಾರಿಗೆ ನೇರ ಹಾಕಲು, 25 ಕಿಲೋ ಓಮ್‌ದು ಬಫರ್ ಆದ ಮೇಲೆ ಹಾಕಲು. ಅದಲು ಬದಲಾದರೆ ಟ್ರೆಬಲ್ ಹೋಗುತ್ತದೆ.

ಇನ್ನು ಡಿಲೇ ತಾಳಕ್ಕೆ ಕೂರದಿದ್ದರೆ ಯಾವ ಸಾಲಿನಲ್ಲಿ ಇಟ್ಟರೂ ಗಜಿಬಿಜಿಯೇ. 60,000ವನ್ನು ಹಾಡಿನ ಲಯದಿಂದ ಭಾಗಿಸಿ, ಒಂದು ಬಡಿತಕ್ಕೆ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. ನಿಮಿಷಕ್ಕೆ 80 ಬಡಿತದ ಹಾಡಾದರೆ 750. ಅದರ ಮುಕ್ಕಾಲು ಭಾಗ, ಅಂದರೆ ಸುಮಾರು 562 ಇಟ್ಟರೆ ಮರುದನಿ ಬಡಿತಗಳ ನಡುವೆ ಬಂದು ಬೀಳುತ್ತದೆ, ಹಾಡಿನ ಜೊತೆ ಜಗಳ ಮಾಡುವುದಿಲ್ಲ. ತಬಲಾದವರು ಲಯ ಏರಿಸುತ್ತಾ ಹೋಗುವ ಹಾಡಿನಲ್ಲಿ ಟ್ಯಾಪ್ ಟೆಂಪೋ (ಕಾಲಿನಿಂದ ತಟ್ಟಿ ಲಯ ಕೊಡುವ ಸ್ವಿಚ್) ಇರುವ ಡಿಲೇ ಬೇಕೇ ಬೇಕು.

ಕಲಬುರಗಿ ಆರುತಂತಿ

ಎಲ್ಲರಿಗೂ ಧನ್ಯವಾದ. ರಾತ್ರಿ ಕೂತು ಬದಲಿಸಿದೆ. ಈಗ ಗಿಟಾರ್, ಫಝ್, ಟ್ಯೂನರ್, ವಾ, ಓವರ್‌ಡ್ರೈವ್, ಕೋರಸ್, ಡಿಲೇ, ರಿವರ್ಬ್. ಸೋಲ್ಡರ್ ಅಣ್ಣಾ, ಅದೇ ಪೆಡಲ್ ಅಂತ ನಂಬಲು ಆಗುತ್ತಿಲ್ಲ. ವಾಲ್ಯೂಮ್ 7ಕ್ಕೆ ಇಳಿಸಿದರೆ ಹೊಳೆಯುವ ಕ್ಲೀನ್ ದನಿ, ಏರಿಸಿದರೆ ಜೇನಿನ ಹಾಗೆ ದಪ್ಪ. ಓವರ್‌ಡ್ರೈವ್ ಜೊತೆ ಡಿಲೇ ಕೂಡ ಒಂದೊಂದೇ ಬಿಡಿಸಿ ಕೇಳುತ್ತದೆ.

ಉಳಿದ ಪ್ರಶ್ನೆಗಳು. ವಾ ಈಗ ಫಝ್ ಹಿಂದೆ ಇದೆ, ಜೋರಾಗಿ ಕೂಗುತ್ತದೆ, ಮುಂದೆ ಇಟ್ಟರೆ ಹೇಗೆ? ಸ್ವರ ಇನ್ನೂ ಸ್ವಲ್ಪ ಉದ್ದ ನಿಲ್ಲಲಿ ಅಂತ ಕಂಪ್ರೆಸರ್ (ಜೋರು-ಮೆಲ್ಲಗೆ ದನಿಗಳನ್ನು ಸಮ ಮಾಡುವ ಪೆಡಲ್) ತರುವ ಯೋಚನೆ ಇದೆ, ಅದನ್ನು ಎಲ್ಲಿ ಇಡಬೇಕು? ಮತ್ತೆ, ಮನೆಯಲ್ಲಿ ಸದ್ದಿಲ್ಲದ ಬೋರ್ಡ್ ಫಂಕ್ಷನ್ ಹಾಲಿಗೆ ಹೋದರೆ ಹಮ್ ಅಂತ ಶುರು ಮಾಡುತ್ತದೆ. ಎಲ್ಲಾ ಪೆಡಲ್‌ಗೂ ಒಂದೇ ಅಡಾಪ್ಟರಿನಿಂದ ಕವಲು ವೈರ್ ಹಾಕಿದ್ದೇನೆ. ಫಝ್ ಮಾತ್ರ ಬ್ಯಾಟರಿಯಲ್ಲಿದೆ.

ಸೋಲ್ಡರ್ ಅಣ್ಣ

ಫಝ್ ಬ್ಯಾಟರಿಯಲ್ಲೇ ಇರಲಿ! ಹಳೆಯ ಜರ್ಮೇನಿಯಂ ಫಝ್‌ಗಳು ಹೆಚ್ಚಿನವು ಪಿಎನ್‌ಪಿ ಟ್ರಾನ್ಸಿಸ್ಟರಿನವು, ಅದರಲ್ಲಿ ಪ್ಲಸ್ ಕಡೆ ಗ್ರೌಂಡ್ ಆಗಿರುತ್ತದೆ. ಉಳಿದ ಪೆಡಲ್‌ಗಳಲ್ಲಿ ಮೈನಸ್ ಗ್ರೌಂಡ್. ಎರಡನ್ನೂ ಒಂದೇ ಕವಲು ವೈರಿಗೆ ಹಾಕಿದರೆ ಸಪ್ಲೈ ಶಾರ್ಟ್ ಆಗುತ್ತದೆ. ಈ ಫಝ್ ಎಳೆಯುವ ಕರೆಂಟ್ ಬಹಳ ಕಡಿಮೆ, ಒಂದು 9 ವೋಲ್ಟ್ ಬ್ಯಾಟರಿ ಬಹಳ ಕಾಲ ಬರುತ್ತದೆ. ನುಡಿಸದಾಗ ಇನ್‌ಪುಟ್ ಜ್ಯಾಕ್ ಕಿತ್ತಿಡಿ, ಜ್ಯಾಕ್ ಒಳಗಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಹಮ್ ವಿಷಯಕ್ಕೆ ಬಂದರೆ, ಮೊದಲು ಯಾವ ಸದ್ದು ಅಂತ ಕಿವಿಗೊಟ್ಟು ಕೇಳಿ. ಗಿಟಾರ್ ಹಿಡಿದು ಸುತ್ತ ತಿರುಗಿದಾಗ ಸದ್ದು ಏರಿಳಿದರೆ ಅದು ಸಿಂಗಲ್ ಕಾಯಿಲ್ ಹಿಡಿಯುವ ಹಮ್, ನಮ್ಮ ಲೈನಿನ 50 ಹರ್ಟ್ಸ್ ಮತ್ತು ಅದರ ಮೇಲಿನವು. ಡಿಮ್ಮರ್ ಲೈಟ್, ಟ್ರಾನ್ಸ್‌ಫಾರ್ಮರ್ ಹತ್ತಿರ ನಿಲ್ಲಬೇಡಿ. ಪೆಡಲ್ ಸಾಲು ಬದಲಿಸಿ ಅದಕ್ಕೆ ಪ್ರಯೋಜನವಿಲ್ಲ. ಕಿಂಯ್ ಅಂತ ಮೇಲಿನ ಸದ್ದು ಬಂದರೆ ಅದು ಡಿಜಿಟಲ್ ಡಿಲೇ ಅಥವಾ ರಿವರ್ಬ್ ಒಳಗಿನ ಕ್ಲಾಕ್, ಕವಲು ವೈರಿನ ಮೂಲಕ ಓವರ್‌ಡ್ರೈವ್‌ಗೆ ಸೇರಿ ದೊಡ್ಡದಾಗುತ್ತದೆ. ಅದಕ್ಕೆ ಒಂದೊಂದು ಔಟ್‌ಪುಟ್ ಬೇರೆ ಬೇರೆ ಇರುವ ಐಸೊಲೇಟೆಡ್ ಪವರ್ ಸಪ್ಲೈ ಬೇಕು. ಇನ್ನೊಂದು ಪೆಡಲ್ ಕೊಳ್ಳುವ ದುಡ್ಡಿದ್ದರೆ ಮೊದಲು ಇದಕ್ಕೆ ಹಾಕಿ ಎನ್ನುತ್ತೇನೆ. ಅನಲಾಗ್ ಪೆಡಲ್‌ಗೆ ಕೆಲವೇ ಮಿಲಿ ಆಂಪಿಯರ್ ಸಾಕು, ಡಿಜಿಟಲ್‌ಗೆ 100ರಿಂದ 300 ಬೇಕಾಗಬಹುದು. ವೋಲ್ಟ್ ಮತ್ತು ಪಿನ್‌ನ ಪ್ಲಸ್-ಮೈನಸ್ ಸರಿಯಾಗಿ ಹೊಂದಬೇಕು. ಮಿಲಿ ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು.

ಈಗ ಹೇಳುವುದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಹಮ್ ನಿಲ್ಲುತ್ತದೆ ಅಂತ ಆಂಪ್‌ನ ಮೂರನೇ ಪಿನ್ ಕತ್ತರಿಸುವವರು, ಅದಕ್ಕೆ ಟೇಪ್ ಸುತ್ತುವವರು ನಮ್ಮ ಕಡೆ ಇದ್ದಾರೆ. ಅದು ಜೀವ ಉಳಿಸುವ ಪಿನ್. ಗಿಟಾರಿನ ತಂತಿ ಆಂಪ್‌ನ ಗ್ರೌಂಡ್‌ಗೆ ಸೇರಿರುತ್ತದೆ, ಮೈಕ್ ಮಿಕ್ಸರಿನ ಗ್ರೌಂಡ್‌ಗೆ. ಒಂದು ಕಡೆ ಅರ್ಥಿಂಗ್ ಇಲ್ಲದೆ ಲೈನ್ ಸೋರುತ್ತಿದ್ದರೆ ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದವರ ಮೈಯೊಳಗೆ ಕರೆಂಟ್ ಹರಿಯುತ್ತದೆ. ಹಾಡುವ ಮುಂಚೆ ಮಲ್ಟಿಮೀಟರ್ ಎಸಿಗೆ ಇಟ್ಟು ತಂತಿ ಮತ್ತು ಮೈಕ್‌ನ ಜಾಲರಿ ನಡುವೆ ನೋಡಿ. ವೋಲ್ಟೇಜ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೂ ನುಡಿಸಬೇಡಿ. ಅರ್ಥಿಂಗ್ ಸರಿ ಇದ್ದೂ ಹಮ್ ಬಂದರೆ ಅದು ಗ್ರೌಂಡ್ ಲೂಪ್, ಅಂದರೆ ಗ್ರೌಂಡ್ ಎರಡು ದಾರಿಯಿಂದ ಸೇರಿ ಸುತ್ತು ಆಗಿದೆ. ಡಿಐ ಬಾಕ್ಸ್‌ನಲ್ಲಿ (ಗಿಟಾರ್ ಸಿಗ್ನಲನ್ನು ಮಿಕ್ಸರಿಗೆ ಕೊಡುವ ಡಬ್ಬಿ) ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತದೆ, ಅದನ್ನು ಒತ್ತಿ. ಅದು ಸಿಗ್ನಲ್ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ಅರ್ಥಿಂಗ್ ಹಾಗೇ ಉಳಿಯುತ್ತದೆ.

ವಾ, ಕಂಪ್ರೆಸರ್ ಬಗ್ಗೆ ಬೇರೆಯವರು ಹೇಳಲಿ, ನನ್ನ ಕೈ ನೋಯುತ್ತಿದೆ.

ಭೀಮಾತೀರ

ವಾ ನಾನು ಹೇಳುತ್ತೇನೆ. ವಾ ಅಂದರೆ ಒಂದು ಫಿಲ್ಟರ್, ಯಾವುದೋ ಒಂದು ಕಡೆಯ ಸ್ವರಗಳನ್ನು ಎತ್ತಿ ಹಿಡಿದು ಕಾಲಿನ ಜೊತೆ ಮೇಲೆ ಕೆಳಗೆ ಓಡಾಡಿಸುತ್ತದೆ. ಫಝ್ ನಂತರ ಇಟ್ಟರೆ ಅದಕ್ಕೆ ಸಿಗುವ ದನಿಯಲ್ಲಿ ಎಲ್ಲ ಹಾರ್ಮೋನಿಕ್ಸ್ (ಸ್ವರದ ಜೊತೆ ಹುಟ್ಟುವ ಮೇಲಿನ ದನಿಗಳು) ತುಂಬಿರುತ್ತವೆ, ಅದಕ್ಕೇ ಅಷ್ಟು ಜೋರಾಗಿ ಕೂಗುತ್ತದೆ. ಮುಂದೆ ಇಟ್ಟರೆ ವಾ ಎತ್ತಿದ ಭಾಗ ಮಾತ್ರ ಜಾಸ್ತಿ ಒಡೆಯುತ್ತದೆ, ಬಾಯಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಗಿಟಾರ್ ವಾದಕ ಹೆಂಡ್ರಿಕ್ಸ್ ವಾ ಮುಂದೆ, ಫಝ್ ಹಿಂದೆ ಇಟ್ಟವರು.

ಆದರೆ ನಿಮ್ಮ ಹಳೆಯ ಸಾಲಿನಲ್ಲಿ ಆದದ್ದು ಇಲ್ಲೂ ಆಗುತ್ತದೆ. ಫಝ್ ಫೇಸ್‌ನ ಆ ಕಡಿಮೆ ಇಂಪೀಡೆನ್ಸ್ ವಾ ಪೆಡಲ್‌ನ ಔಟ್‌ಪುಟ್ ಮೇಲೆ ಭಾರ ಹಾಕಿ ಓಡಾಟವನ್ನೇ ಸಣ್ಣದು ಮಾಡುತ್ತದೆ, ಕೆಲವೊಮ್ಮೆ ಸಿಳ್ಳೆ ಹೊಡೆಯುತ್ತದೆ. ವಾ ಒಳಗೆ ಔಟ್‌ಪುಟ್ ಕಡೆ ಒಂದು ಟ್ರಾನ್ಸಿಸ್ಟರಿನ ಸಣ್ಣ ಬಫರ್ ಹಾಕಿಸಿದರೆ ಸರಿಹೋಗುತ್ತದೆ. ವಾ ಟ್ರೂ ಬೈಪಾಸ್ (ಆಫ್ ಇದ್ದಾಗ ಸಿಗ್ನಲ್ ನೇರ ದಾಟಿ ಹೋಗುವಂಥದ್ದು) ಆಗಿರಬೇಕು, ಆಗ ಅದನ್ನು ಆಫ್ ಮಾಡಿದಾಗ ಗಿಟಾರ್ ಮತ್ತೆ ನೇರ ಫಝ್‌ಗೆ ಕಾಣುತ್ತದೆ. ಓವರ್‌ಡ್ರೈವ್ ಮುಂದೆ ವಾ ಇಡಲು ಈ ಯಾವ ತಲೆನೋವೂ ಇಲ್ಲ. ಈಗಿನ ನಿಮ್ಮ ಸಾಲಿನಲ್ಲಿ ಅದು ಇದ್ದ ಜಾಗ ಚೆನ್ನಾಗಿಯೇ ಇದೆ.

ಫೇಸರ್ (ದನಿಗೆ ಸುಳಿ ತಿರುಗಿದಂಥ ಬಣ್ಣ ಕೊಡುವ ಪೆಡಲ್) ತಂದರೆ ಅದನ್ನೂ ಎರಡೂ ಕಡೆ ಇಟ್ಟು ಕೇಳಿ. ಡ್ರೈವ್ ಮುಂದೆ ಇಟ್ಟರೆ ಸುಳಿ ಸ್ವರದೊಳಗೆ ಕರಗಿ ಹೋಗುತ್ತದೆ, ಹಿಂದೆ ಇಟ್ಟರೆ ಸ್ವರದ ಮೇಲೆ ಎದ್ದು ಕಾಣುತ್ತದೆ. ವ್ಯಾನ್ ಹೇಲನ್ ಅವರ ಎಂಎಕ್ಸ್‌ಆರ್ ಫೇಸ್ 90 ಆಂಪ್‌ನ ಮುಂದೆಯೇ ಇತ್ತು.

ಬೀದರ್ ಬೇಸ್

ಕಂಪ್ರೆಸರ್ ಬಗ್ಗೆ ನನ್ನದು. ಬೇಸ್ ಗಿಟಾರ್ ನುಡಿಸುವವರಿಗೆ ಅದು ಅನ್ನ ಇದ್ದ ಹಾಗೆ.

ಡ್ರೈವ್‌ಗಿಂತ ಮುಂಚೆ ಇಡಿ. ಮೆಲ್ಲಗೆ ನುಡಿಸಿದ್ದೂ ಜೋರಾಗಿ ನುಡಿಸಿದ್ದೂ ಒಂದೇ ಮಟ್ಟದಲ್ಲಿ ಡ್ರೈವ್‌ಗೆ ಹೋಗುತ್ತದೆ, ಸ್ವರ ಉದ್ದ ನಿಲ್ಲುತ್ತದೆ. ಡ್ರೈವ್ ನಂತರ ಇಟ್ಟರೆ, ಮೊದಲೇ ತುದಿ ಕತ್ತರಿಸಿದ್ದನ್ನು ಮತ್ತೆ ಒತ್ತಿದ ಹಾಗಾಗುತ್ತದೆ. ಲಾಭ ಏನೂ ಇಲ್ಲ, ಸ್ವರ ನಿಂತಾಗ ಹಿಸ್ ಮಾತ್ರ ಮೇಲೆದ್ದು ಬರುತ್ತದೆ. ಆದರೆ ಆರುತಂತಿಯವರೇ, ನಿಮ್ಮಲ್ಲಿ ಫಝ್‌ಗಿಂತ ಮುಂಚೆ ಕಂಪ್ರೆಸರ್ ಬೇಡ, ಟ್ಯೂನರಿನಿಂದ ಆದ ತೊಂದರೆಯೇ ಮತ್ತೆ ಆಗುತ್ತದೆ. ಫಝ್, ಟ್ಯೂನರ್, ಕಂಪ್ರೆಸರ್, ವಾ, ಓವರ್‌ಡ್ರೈವ್ ಅಂತ ಇಡಿ. ಫಝ್ ಹಾಕಿದಾಗ ಕಂಪ್ರೆಸರ್ ಆಫ್.

ಬೇಸ್‌ನವರು ಯಾರಾದರೂ ಓದುತ್ತಿದ್ದರೆ, ಆಕ್ಟೇವ್ ಪೆಡಲ್ (ಒಂದು ಸ್ಥಾಯಿ ಕೆಳಗಿನ ಅಥವಾ ಮೇಲಿನ ಸ್ವರ ಸೇರಿಸುವುದು) ಎಲ್ಲಕ್ಕಿಂತ ಮುಂದೆ. ಅದು ಸ್ವರ ಹಿಡಿಯಬೇಕಾದರೆ ಸ್ವಚ್ಛ ದನಿ ಬೇಕು, ಒಡೆದ ದನಿ ಕೊಟ್ಟರೆ ದಾರಿ ತಪ್ಪುತ್ತದೆ. ಮತ್ತೆ ಕ್ಲೀನ್ ಬ್ಲೆಂಡ್ (ಒಡೆಯದ ದನಿಯನ್ನೂ ಬೆರೆಸುವ ನಾಬ್) ಇಲ್ಲದ ಡ್ರೈವ್ ಕೊಳ್ಳಬೇಡಿ, ಕೆಳಗಿನ ದನಿಯೆಲ್ಲ ಹೋಗುತ್ತದೆ.

ಮಿಕ್ಸರ್ ಮುಂದೆ

ಒಂದು ಸೇರಿಸುತ್ತೇನೆ, ಇದು ಆರುತಂತಿಯವರ ಗುಂಪಿಗೆ ಬಹಳ ಮುಖ್ಯ. ಟ್ಯೂಬ್ ಸ್ಕ್ರೀಮರ್ ಮಾದರಿಯ ಡ್ರೈವ್ 720 ಹರ್ಟ್ಸ್ ಆಸುಪಾಸಿನ ನಡುಭಾಗವನ್ನು ಎತ್ತುತ್ತದೆ, ಕೆಳಗಿನದನ್ನು ಇಳಿಸುತ್ತದೆ. ರಾಕ್ ಬ್ಯಾಂಡ್‌ನಲ್ಲಿ ಡ್ರಮ್ಸ್, ಬೇಸ್ ನಡುವೆ ಗಿಟಾರ್ ಕೇಳಲು ಇದು ಬಹಳ ಒಳ್ಳೆಯದು. ಆದರೆ ನಿಮ್ಮಲ್ಲಿ ಹಾರ್ಮೋನಿಯಂ ಇದೆ, ಅದೂ ಅಲ್ಲೇ ಕೂತಿರುತ್ತದೆ, ಹಾಡುವವರ ದನಿಯೂ ಅಲ್ಲೇ. ಮೂರೂ ಒಂದೇ ಜಾಗಕ್ಕೆ ನುಗ್ಗುತ್ತವೆ.

ಒಂದು ಗ್ರಾಫಿಕ್ ಈಕ್ಯೂ ಪೆಡಲ್ (ದನಿಯ ಒಂದೊಂದು ಭಾಗವನ್ನು ಬೇರೆ ಬೇರೆ ಏರಿಸಿ ಇಳಿಸುವುದು) ತಂದು ಡ್ರೈವ್ ನಂತರ ಇಡಿ, ಹಾಡುವಾಗ ನಡುಭಾಗವನ್ನು ಸ್ವಲ್ಪ ಇಳಿಸಿ. ಸೋಲೋಗೆ ಅದೇ ಪೆಡಲ್ ಆಫ್ ಮಾಡಿದರೆ ಗಿಟಾರ್ ತಾನಾಗಿಯೇ ಮುಂದೆ ಬರುತ್ತದೆ. ಇದೇ ಈಕ್ಯೂ ಡ್ರೈವ್ ಮುಂದೆ ಇಟ್ಟರೆ ಕೆಲಸವೇ ಬೇರೆ: ಯಾವ ಭಾಗ ಜಾಸ್ತಿ ಒಡೆಯಬೇಕು ಎಂದು ಅದು ತೀರ್ಮಾನಿಸುತ್ತದೆ. ಬೂಸ್ಟ್ ಪೆಡಲ್ ಕೂಡ ಹಾಗೇ. ಸೋಲೋದಲ್ಲಿ ದನಿ ಏರಬೇಕಾದರೆ ಡ್ರೈವ್ ನಂತರ ಇಡಬೇಕು. ಮುಂದೆ ಇಟ್ಟರೆ ಒಡೆಯುವುದು ಜಾಸ್ತಿಯಾಗುತ್ತದೆ, ದನಿ ಅಷ್ಟಾಗಿ ಏರುವುದಿಲ್ಲ.

ಶಹಾಪುರ ಹುಡುಗ

ಅಣ್ಣಾರ, ನಾನು ಕಾಲೇಜಿನಲ್ಲಿ ಓದುತ್ತಿದ್ದೇನೆ. ನನ್ನ ಹತ್ತಿರ ಇಷ್ಟೆಲ್ಲ ಪೆಡಲ್ ಇಲ್ಲ, ಒಂದು ಚಿಕ್ಕ ಮಲ್ಟಿ ಎಫೆಕ್ಟ್ ಇದೆ. ಅದರಲ್ಲೂ ಈ ಸಾಲಿನ ಲೆಕ್ಕ ನಡೆಯುತ್ತದಾ? ಅದರ ಜೊತೆ ನಾಯ್ಸ್ ಗೇಟ್ (ನುಡಿಸದಾಗ ಬರುವ ಸದ್ದು ಮುಚ್ಚುವುದು) ಅಂತ ಒಂದಿದೆ, ಎಲ್ಲಿ ಹಾಕಬೇಕು?

ಮಿಕ್ಸರ್ ಮುಂದೆ

ನಡೆಯುತ್ತದೆ ತಮ್ಮಾ, ಅದರಲ್ಲಿ ಕಲಿಯುವುದು ಇನ್ನೂ ಸುಲಭ. ಕೇಬಲ್ ಕೀಳದೆ ಸ್ಕ್ರೀನ್ ಮೇಲೆಯೇ ಬ್ಲಾಕ್‌ಗಳನ್ನು ಆಚೆ ಈಚೆ ಮಾಡಬಹುದು, ಬಹಳಷ್ಟು ಮಲ್ಟಿಗಳಲ್ಲಿ ಈ ಸೌಲಭ್ಯ ಇದೆ. ಅದರೊಳಗೆ ಆಂಪ್ ಬ್ಲಾಕ್ ಇದ್ದರೆ ಡಿಲೇ, ರಿವರ್ಬ್ ಅದರ ನಂತರ ಹಾಕು. ಎಫೆಕ್ಟ್ಸ್ ಲೂಪ್ ಇರುವ ದೊಡ್ಡ ಆಂಪ್‌ನಲ್ಲಿ ಸೆಂಡ್, ರಿಟರ್ನ್ ನಡುವೆ ಡಿಲೇ ಹಾಕುವುದೂ ಇದೇ ಕಾರಣಕ್ಕೆ, ಅಲ್ಲಿ ಪ್ರಿಆಂಪ್ (ಆಂಪ್‌ನ ಮೊದಲ ಭಾಗ) ಒಡೆದ ಮೇಲೆ ಡಿಲೇ ಸೇರುತ್ತದೆ. ನೇರ ಮಿಕ್ಸರಿಗೆ ಕೊಡುವಾಗ ಕ್ಯಾಬಿನೆಟ್ ಬ್ಲಾಕ್ (ಸ್ಪೀಕರ್ ಪೆಟ್ಟಿಗೆಯ ದನಿ ಅನುಕರಿಸುವುದು) ಆನ್ ಇರಲಿ, ಇಲ್ಲದಿದ್ದರೆ ಡ್ರೈವ್ ದನಿ ಜೇನುನೊಣ ಗುಂಯ್‌ಗುಟ್ಟಿದಂತೆ ಬರುತ್ತದೆ.

ಗೇಟ್ ಡ್ರೈವ್ ನಂತರ, ಡಿಲೇಗಿಂತ ಮುಂಚೆ. ಡಿಲೇ ನಂತರ ಹಾಕಿದರೆ ಮೆಲ್ಲಗಾದ ಮರುದನಿಗಳನ್ನೂ ಸದ್ದು ಅಂದುಕೊಂಡು ಮುಚ್ಚಿಬಿಡುತ್ತದೆ.

ಸೋಲ್ಡರ್ ಅಣ್ಣ

ಆರುತಂತಿಯವರಿಗೆ ಮರೆಯುವ ಮುಂಚೆ ಒಂದು ಮಾತು. ನಿಮ್ಮ ಫಝ್ ಜರ್ಮೇನಿಯಂ. ಆ ಟ್ರಾನ್ಸಿಸ್ಟರ್‌ಗೆ ಬಿಸಿಲು ಆಗಿಬರುವುದಿಲ್ಲ. ಸುಮಾರು 10 ಡಿಗ್ರಿ ಏರಿದರೆ ಅದರೊಳಗೆ ಸೋರುವ ಕರೆಂಟ್ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡಲು ಕೊಟ್ಟ ವೋಲ್ಟೇಜ್ ಮಟ್ಟ) ಜಾರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಹುಟ್ಟಿದ ಸರ್ಕ್ಯೂಟ್ ಇದು, ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು 40 ದಾಟುವುದು ಮಾಮೂಲು. ಮಧ್ಯಾಹ್ನ ಶಾಮಿಯಾನದ ಕೆಳಗೆ ಸ್ವರ ಉಸಿರು ಕಟ್ಟಿದ ಹಾಗೆ ತುಂಡುತುಂಡಾಗಿ ಬಂದರೆ ಪೆಡಲ್ ಕೆಟ್ಟಿತು ಅಂತ ಹೆದರಬೇಡಿ, ಸಂಜೆ ತಣ್ಣಗಾದ ಮೇಲೆ ಸರಿಹೋಗುತ್ತದೆ.

ಒಳಗೆ ಟ್ರಿಮ್ಮರ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಸಣ್ಣ ರೆಸಿಸ್ಟರ್) ಇದ್ದರೆ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಗ್ರೌಂಡ್ ನಡುವೆ ಮೀಟರ್ ಇಟ್ಟು 4.5 ವೋಲ್ಟ್ ಆಸುಪಾಸಿಗೆ ತನ್ನಿ. ಬೇಸಿಗೆಯಲ್ಲಿ ಒಮ್ಮೆ, ಚಳಿಗಾಲದಲ್ಲಿ ಒಮ್ಮೆ. ಬಿಸಿಲಿನ ಕಾರ್ಯಕ್ರಮಗಳೇ ಜಾಸ್ತಿ ಇದ್ದರೆ ಸಿಲಿಕಾನ್ ಫಝ್ ತೆಗೆದುಕೊಳ್ಳಿ, ದನಿ ಸ್ವಲ್ಪ ಚೂಪು, ಆದರೆ ಬಿಸಿಗೆ ಅಷ್ಟು ಜಗ್ಗುವುದಿಲ್ಲ.

ಕಲಬುರಗಿ ಆರುತಂತಿ

ಇದು ಯಾರೂ ಹೇಳಿರದ ವಿಷಯ ಅಣ್ಣಾ. ಮುಂದಿನ ವಾರ ಟ್ರಿಮ್ಮರ್ ಇದೆಯಾ ಅಂತ ಬಿಚ್ಚಿ ನೋಡುತ್ತೇನೆ. ಐಸೊಲೇಟೆಡ್ ಸಪ್ಲೈಗೆ ದುಡ್ಡು ಕೂಡಿಸುತ್ತಿದ್ದೇನೆ, ಕಂಪ್ರೆಸರ್ ಆಮೇಲೆ.

ಕೊನೆಯದಾಗಿ ಒಂದು. ಲೂಪರ್ ಪೆಡಲ್ (ನುಡಿಸಿದ್ದನ್ನು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಕೇಳಿಸುವುದು) ಒಬ್ಬರು ಗೆಳೆಯರು ಕೊಡುತ್ತೇನೆ ಎಂದಿದ್ದಾರೆ. ಅದನ್ನು ಸಾಲಿನ ಕೊನೆಗೇ ಇಡಬೇಕಾ?

ಕೀಬೋರ್ಡ್ ಅಕ್ಕ

ನುಡಿಸಲು ಕೊನೆಗೆ ಇಡಿ, ಆಗ ಕ್ಲೀನ್ ತಾಳ ಒಂದು ಪದರ, ಅದರ ಮೇಲೆ ಡ್ರೈವ್ ಇನ್ನೊಂದು ಪದರ ಹಾಕಬಹುದು. ಆದರೆ ಸಾಲು ಹುಡುಕುವಾಗ ಅದನ್ನು ಎಲ್ಲಕ್ಕಿಂತ ಮುಂದೆ ಇಡಿ. ಬರೀ ಗಿಟಾರ್ ರೆಕಾರ್ಡ್ ಮಾಡಿ ಸುತ್ತು ಹಾಕಲು ಬಿಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು ನೆಲದ ಮೇಲೆ ಕೂತು ಪೆಡಲ್‌ಗಳನ್ನು ಅದಲು ಬದಲು ಮಾಡಿ. ಅದೇ ಸ್ವರ, ಅದೇ ಬೆರಳಿನ ಒತ್ತು, ಬದಲಾಗುವುದು ಸಾಲು ಮಾತ್ರ.

ಸೋಲ್ಡರ್ ಅಣ್ಣ

ಅಕ್ಕ ಹೇಳಿದ್ದು ಬರೋಬ್ಬರಿ. ಫಝ್ ಪರೀಕ್ಷೆ ಮಾಡುವಾಗ ಮಾತ್ರ ಲೂಪರ್ ಮುಂದೆ ಬೇಡ. ಹೆಚ್ಚಿನವುಗಳ ಒಳಗೆ ಬಫರ್ ಇದೆ, ಪಿಕಪ್ ಫಝ್‌ಗೆ ಕಾಣುವುದಿಲ್ಲ. ಫಝ್‌ನ್ನು ಕೈಯಲ್ಲೇ ನುಡಿಸಿ ಕೇಳಿ.